ಆಮೆ ಮಣೆ

ನಾನು ಜಪಕ್ಕೆ ಕೂರುತ್ತಿದ್ದ ಮಣೆಗೆ ಆಮೆಯ ಆಕಾರ. ಹಲಸಿನ ಮರದ್ದು, ಅಪ್ಪನ ಕಾಲದ್ದು. ತಲೆ ಸವೆದು ನುಣ್ಣಗಾಗಿದೆ. ಕಣ್ಣು ಮುಚ್ಚಿದರೆ ಅದು ನನ್ನನ್ನು ಹೊತ್ತು ಹಾಲುಗಡಲಲ್ಲಿ ಮೆಲ್ಲಗೆ ಈಜುತ್ತಿರುವಂತೆ, ಎಲ್ಲೋ ಮಂದರ ಪರ್ವತ ಗರಗರನೆ ತಿರುಗುತ್ತಿರುವಂತೆ ಅನ್ನಿಸುತ್ತಿತ್ತು. ಆಮೆಯಂತೆ ಇಂದ್ರಿಯಗಳನ್ನು ಒಳಗೆಳೆದುಕೊಳ್ಳಬಲ್ಲವನೇ ಜ್ಞಾನಿ ಎಂದು ಅಪ್ಪ ಹೇಳಿಕೊಟ್ಟಿದ್ದರು. ಹೈಸ್ಕೂಲು ಓದಿದ ನನಗೆ ಅಷ್ಟು ವೇದಾಂತ ಸಾಕಾಗಿತ್ತು. ಅದನ್ನು ಹೇಗೆ ಬಳಸಿದೆನೆಂದು ನಿಮ್ಮಲ್ಲಿ ಹೇಳಿಬಿಡುತ್ತೇನೆ.

ತಂಗಿ ಗಂಗೆ ಬೇರೆ ಜಾತಿಯವನನ್ನು ಮದುವೆಯಾಗಿ ಎಕ್ಕಂಬಿಗೆ ಹೋದ ಮೇಲೆ ಅಪ್ಪ ಅವಳ ಹೆಸರೆತ್ತಲಿಲ್ಲ. ಅವರು ಹಾಸಿಗೆ ಹಿಡಿದಾಗ ಒಂದು ಬೆಳಿಗ್ಗೆ ಅವಳು ಬಂದು ಹೊಸ್ತಿಲಾಚೆ ನಿಂತಳು.

"ಅಣ್ಣ, ಅಪ್ಪನ್ನ ಒಂದ್ಸಲ ನೋಡ್ಕಂಡು ಹೋಗ್ತೆ."

ಜಪದ ನಡುವೆ ಮಾತಾಡಬಾರದು, ಏಳಬಾರದು ಎಂಬುದು ಮನೆಯ ಪದ್ಧತಿ. ನೂರೆಂಟು ಮುಗಿಯಿತು, ಕಣ್ಣು ತೆರೆಯದೆ ಮತ್ತೆ ಒಂದರಿಂದ ಶುರುಮಾಡಿದೆ. ತೆರೆದಾಗ ಹೊಸ್ತಿಲಲ್ಲಿ ಬಿಸಿಲು ಮಾತ್ರ ಇತ್ತು.

ಒಳಗಿನಿಂದ ಅಪ್ಪ ಕೇಳಿದರು: "ಗಂಗೆ ದನಿ ಕೇಳ್ದಾಂಗಾತು. ಬಂದಿತ್ತನ?"

"ಇಲ್ಲೆ" ಎಂದೆ. ವಾರದೊಳಗೆ ಅಪ್ಪ ತೀರಿಕೊಂಡರು.

ಮೂವತ್ತೆಂಟು ವರ್ಷಗಳಾದವು. ಕಳೆದ ಚಳಿಗಾಲದಲ್ಲಿ, ಶಿರಸಿ ಪೇಟೆಗೆ ಸ್ವೆಟರ್ ಮಾರಲು ಬರುವ ಮುಂಡಗೋಡಿನ ಟಿಬೆಟನ್ ಅಜ್ಜಿಯೊಬ್ಬಳು ಮಾತಿನ ನಡುವೆ ಅವರ ಬುದ್ಧ ಹೇಳಿದ ಸಂಗತಿಯೊಂದನ್ನು ಹೇಳಿದಳು. ಕುರುಡು ಆಮೆಯೊಂದು ನೂರು ವರ್ಷಕ್ಕೊಮ್ಮೆ ಕಡಲಿನಿಂದ ತಲೆಯೆತ್ತುತ್ತದಂತೆ. ಎಲ್ಲೋ ತೇಲುತ್ತಿರುವ ನೊಗದ ತೂತಿನೊಳಗೆ ಆ ತಲೆ ತೂರುವುದು ಎಷ್ಟು ಅಪರೂಪವೋ, ಮನುಷ್ಯಜನ್ಮ ಅಷ್ಟು ಅಪರೂಪವಂತೆ. ಹಾಗಾದರೆ ಎರಡು ಆಮೆಗಳು ಒಂದೇ ನೊಗದಲ್ಲಿ, ಒಂದೇ ತಾಯ ಹೊಟ್ಟೆಯಲ್ಲಿ ತಲೆಯೆತ್ತಿದ್ದು? ನಮ್ಮೂರು ಮನ್ಮನೆಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಕಡಲೇ ಕಾಣುತ್ತಿತ್ತು.

ಮರುದಿನ ಮಣೆಯನ್ನು ಚೀಲದಲ್ಲಿಟ್ಟುಕೊಂಡು ಎಕ್ಕಂಬಿಗೆ ಹೋದೆ. ಗಂಗೆ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೇಳಿದಳು: "ಜಪ ಮುಗತ್ತಾ, ಅಣ್ಣ?"

ಅಪ್ಪ ಕೇಳಿದ್ದನ್ನೂ ನಾನು ಹೇಳಿದ ಸುಳ್ಳನ್ನೂ ಹೇಳಿದೆ. ಅವಳು ಬಹಳ ಹೊತ್ತು ಭತ್ತದಲ್ಲಿ ಬೆರಳಾಡಿಸುತ್ತಿದ್ದಳು.

"ದನಿ ಗುರ್ತು ಸಿಕ್ಕಿತ್ತು, ಹಂಗಾರೆ" ಎಂದಳು ಕೊನೆಗೆ. ಆಮೇಲೆ ಮಣೆ ತೆಗೆದುಕೊಂಡು ಜಗಲಿಯಲ್ಲಿಟ್ಟಳು. "ಎನ್ನ ಭಾರ ತಡಿಗಾ ಇದು?"

"ಮಂದರ ಪರ್ವತನೇ ಹೊತ್ತಿದ್ದಡ."

ಅವಳು ಕೂತಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಬೆಟ್ಟ ಹೊತ್ತ ಆ ಆಮೆ ತಲೆಯನ್ನು ಒಳಗೆಳೆದುಕೊಂಡಿರಲಿಲ್ಲವೆಂದು ಅಲ್ಲಿ ನಿಂತಾಗ ಹೊಳೆಯಿತು.

ಮಣೆ ಅಲ್ಲೇ ಉಳಿದಿದೆ. ಈಗ ಬರಿನೆಲದ ಮೇಲೆ ಕೂರುತ್ತೇನೆ, ಬಾಗಿಲ ಕಡೆ ಮುಖಮಾಡಿ. ಹೊಸ್ತಿಲ ಮೇಲೆ ಯಾರ ನೆರಳು ಬಿದ್ದರೂ ಎಣಿಕೆ ನಿಲ್ಲಿಸಿ ಏಳುತ್ತೇನೆ.