ತಿಕ್ಕದೆ ಬಿಟ್ಟ ಮರ

ಗಾಜು ಒರೆಸುವುದರಲ್ಲಿ ನಮ್ಮ ದೊಡ್ಡಮ್ಮನನ್ನು ಮೀರಿಸುವವರಿಲ್ಲ. ಇದು ನನ್ನ ಮಾತಲ್ಲ, ಅವಳದೇ. ಅದೂ ಯಾರೂ ಕೇಳದಿದ್ದರೂ. ಸಸ್ಯತೋಟದ ಗಾಜಿನ ಮನೆಯಲ್ಲಿ ಅವಳಿಗೆ ಒರೆಸುವ ಕೆಲಸ, ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ನನಗೆ. ಅವಳು ಒರೆಸಿದ ಗಾಜು ಕಾಣದೆ ಹಣೆ ಚಚ್ಚಿಕೊಂಡವರು ಎಷ್ಟೋ ಜನ. ಅವರಿಗೆ ತಣ್ಣೀರು ಕೊಡುವಾಗ ದೊಡ್ಡಮ್ಮನ ಮುಖದಲ್ಲಿ ಕನಿಕರಕ್ಕಿಂತ ಹೆಮ್ಮೆಯೇ ಹೆಚ್ಚು.

ಇಂಥವಳಿಗೆ ಒಂದು ಜರಿಗಿಡದ ಹುಚ್ಚು ಹಿಡಿಯಿತು. ಎತ್ತರದ ಬೆಟ್ಟದ ಕಾಡಿನಿಂದ ಬಂದ ಗಿಡ, ಮರಕ್ಕೆ ಅಂಟಿಕೊಂಡು ಮೇಲೇರುವ ಜಾತಿ. ಒಣಗಾಳಿ ತಾಗಿದರೆ ಮುದುಡಿಹೋಗುತ್ತದೆಂದು ಆಳೆತ್ತರದ ಗಾಜಿನ ಪೆಟ್ಟಿಗೆಯೊಳಗೆ, ಒಂದು ಮರದ ತುಂಡಿನ ಬುಡದಲ್ಲಿ ನೆಟ್ಟಿದ್ದರು. ಅದರ ಎಲೆ ಎಷ್ಟು ತೆಳುವೆಂದರೆ, ಹಿಂದೆ ಬೆರಳಿಟ್ಟರೆ ಉಗುರು ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದ ದಿನ ದೊಡ್ಡಮ್ಮ ಓಡಿಬಂದು, ಸಾಲಿನಲ್ಲಿ ನಿಂತವರ ಎದುರೇ ನನ್ನನ್ನು ದರದರ ಎಳೆದುಕೊಂಡು ಹೋದಳು. ಅದು ಗಿಡದ ಗುಣವಲ್ಲ, ಕೈ ಪಳಗಿದವರು ಯಾರೋ ಎಲೆಯನ್ನು ಒರೆಸಿಟ್ಟಿದ್ದಾರೆ ಎಂಬುದು ಅವಳ ವಾದ.

ಆದರೆ ಗಿಡ ಮೇಲೇರಲೊಲ್ಲದು. ಬುಡದಲ್ಲೇ ಮುಷ್ಕರ ಹೂಡಿ ಕೂತಿತ್ತು. ಮಳೆಗಾಲ ಮುಗಿಯುವುದರೊಳಗೆ ಏರದಿದ್ದರೆ ಬೆಟ್ಟದ ಮೇಲಿನ ತೋಟಕ್ಕೆ ಕಳಿಸಿಬಿಡುತ್ತೇನೆಂದು ಮೇಲ್ವಿಚಾರಕರು ಹೇಳಿದ್ದೇ ತಡ, ದೊಡ್ಡಮ್ಮನಿಗೆ ಊಟ ಸೇರದಾಯಿತು. ತನ್ನ ಸೇವೆಯನ್ನು ಇಮ್ಮಡಿ ಮಾಡಿದಳು. ಗಾಜು ಒರೆಸಿದ್ದು ಸಾಲದೆಂದು ಒಳಗಿನ ಮರದ ತುಂಡನ್ನೂ ದಿನಾ ಬ್ರಷ್ಷಿನಲ್ಲಿ ತಿಕ್ಕಿ ತೊಳೆದಳು. ಹತ್ತುವವರಿಗೆ ದಾರಿ ಚೊಕ್ಕಟವಾಗಿರಬೇಡವೆ? ಮೇಲ್ವಿಚಾರಕರೂ ಭೇಷ್ ಎಂದರು.

ಅಷ್ಟರಲ್ಲಿ ಏಣಿಯಿಂದ ಜಾರಿ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಷ್ಟು ದಿನವೂ ಗಿಡ ಹೇಗಿದೆ, ಗಾಜು ಹೇಗಿದೆ ಎಂದು ನನ್ನ ತಲೆ ತಿಂದಳು. ಪೆಟ್ಟಿಗೆಯೊಳಗೆ ಹನಿ ಸಿಂಪಡಿಸುವ ಯಂತ್ರವೇನೋ ತನ್ನ ಪಾಡಿಗೆ ನಡೆಯುತ್ತಿತ್ತು, ತಿಕ್ಕಲು ಮಾತ್ರ ಯಾರೂ ಬರಲಿಲ್ಲ. ಗಾಜು ಮಬ್ಬಾಗಿ ಒಳಗೇನಿದೆಯೋ ಯಾರಿಗೂ ಕಾಣದಾಯಿತು.

ಅವಳು ಕೆಲಸಕ್ಕೆ ಮರಳಿದ ದಿನವೇ ಮೇಲ್ವಿಚಾರಕರು ಗಿಡದ ವಿಷಯ ಇತ್ಯರ್ಥ ಮಾಡಲು ಬರುವವರಿದ್ದರು. ಪೆಟ್ಟಿಗೆಯನ್ನು ನೋಡಿ ದೊಡ್ಡಮ್ಮ ಕೆಂಡವಾದಳು. ಗಾಜೆಲ್ಲ ಹಸಿರು, ಮರದ ತುಂಡಿನ ತುಂಬ ಪಾಚಿ. ನಮ್ಮನ್ನೆಲ್ಲ ಸಾಲಾಗಿ ಬೈದು, ಬ್ರಷ್ಷು ಹಿಡಿದು ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟಳು. ಪಾಚಿಯೊಳಗೆ ಜರಿಗಿಡದ ದಾರದಷ್ಟು ಸಣ್ಣ ಕಪ್ಪು ಬಳ್ಳಿಯೊಂದು ನುಸುಳಿಕೊಂಡು ಅವಳ ಸೊಂಟದೆತ್ತರಕ್ಕೆ ಏರಿತ್ತು! ಉದ್ದಕ್ಕೂ ಹೊಸ ಎಲೆಗಳು, ಒಂದೊಂದರಲ್ಲೂ ಬೆಳಕು. ನನಗಂತೂ ಕುಣಿಯುವಷ್ಟು ಸಂತೋಷವಾಯಿತು. ದೊಡ್ಡಮ್ಮ ಒಮ್ಮೆ ಗಿಡವನ್ನು, ಒಮ್ಮೆ ಕೈಯಲ್ಲಿದ್ದ ಬ್ರಷ್ಷನ್ನು ನೋಡಿದಳು.

ಮೇಲ್ವಿಚಾರಕರು ಬಂದವರೇ ಕೊಳಕು ಗಾಜಿನ ಮೇಲೆ ಬೆರಳೆಳೆದು, ಇದೇನು ಅವಸ್ಥೆ ಎಂದು ರೇಗಿದರು.

"ಸಾರ್, ಇದನ್ನ ಹತ್ತೋಕೆ ಬಿಡದೇ ಇದ್ದವಳು ನಾನೇ," ಎಂದಳು ದೊಡ್ಡಮ್ಮ. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. "ಇದು ಪಾಚಿ ಹಿಡ್ಕೊಂಡು ಹತ್ತುತ್ತೆ. ಇದಕ್ಕೆ ಹಿಡ್ಕೊಳ್ಳೋಕೆ ಏನೂ ಉಳೀದ ಹಾಗೆ ನಾನು ದಿನಾ ತಿಕ್ಕಿ ತೆಗೀತಿದ್ದೆ."

ಅವರು ಮಂಡಿಯೂರಿ ಪೆಟ್ಟಿಗೆಯೊಳಗೆ ತಲೆ ತೂರಿಸಿದರು. ಈಚೆ ಬಂದಾಗ ಕೋಪವೆಲ್ಲ ಇಳಿದು, ಕನ್ನಡಕದ ಮೇಲೆಲ್ಲ ಹನಿ. ಗಿಡ ಇಲ್ಲೇ ಇರುತ್ತದೆ ಎಂದರು. ಹಾಗಾದರೆ ಈ ಪೆಟ್ಟಿಗೆಯಲ್ಲಿ ತನಗೇನು ಕೆಲಸ ಎಂದು ದೊಡ್ಡಮ್ಮ ಕೇಳಿದಳು.

"ಏನೂ ಮಾಡಬೇಡಿ ಅಮ್ಮಾ. ನೋಡ್ತಾ ಇರಿ, ಸಾಕು."

ಅವಳಿಗೆ ಅಷ್ಟು ಕಷ್ಟದ ಕೆಲಸವನ್ನು ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ. ಈಗ ಉಳಿದ ಗಾಜೆಲ್ಲ ಒರೆಸಿ ಮುಗಿಸಿ, ಆ ಪೆಟ್ಟಿಗೆಯ ಮುಂದೆ ಸ್ಟೂಲು ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಾಳೆ.