ಗುಂಡಮ್ಮನ ಹಲ್ಲು ಸೋತ ದಿನ

ಕಪನೂರಿನ ದೌಲಪ್ಪ ಸಾಹುಕಾರರ ಬೇಳೆ ಮಿಲ್ಲಿನಲ್ಲಿ ಆ ದಿನ ಬೆಳಿಗ್ಗೆಯಿಂದಲೇ ಸಡಗರ. ತೊಗರಿ ಒಣಗಿದೆಯೋ ಇಲ್ಲವೋ ಹೇಳುವ ಮಷಿನ್ ಒಂದು ಬಂದಿತ್ತು. ಅದಕ್ಕೂ ಗುಂಡಮ್ಮನ ಹಲ್ಲಿಗೂ ಪಂದ್ಯ. ಹಮಾಲರು ಚಹಾ ಬಿಟ್ಟು ಬಂದರು, ಬೇಳೆ ಆರಿಸುವ ಹೆಂಗಸರು ಮೊರ ಕೆಳಗಿಟ್ಟರು. ಎಲ್ಲರೂ ಗುಂಡಮ್ಮನ ಕಡೆ. ಗುಂಡಮ್ಮ ಒಬ್ಬಳು ಮಾತ್ರ ಮಷಿನ್ ಕಡೆ. ಇಂಥ ಪಂದ್ಯವನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಇಪ್ಪತ್ತು ವರ್ಷದಿಂದ ಮಿಲ್ಲಿಗೆ ಬಂದ ತೊಗರಿಯೆಲ್ಲ ಅವಳ ಬಾಯಿ ದಾಟಿಯೇ ಒಳಗೆ ಹೋಗುತ್ತಿತ್ತು. ಚೀಲಕ್ಕೆ ಕೈ ಹಾಕುವುದು, ಕಾಳೊಂದನ್ನು ಮುಂದಿನ ಹಲ್ಲಿನಲ್ಲಿ ಕಡಿಯುವುದು. ಕಟ್ಟೆಂದು ಒಡೆದರೆ ಒಣಗಿದ ಮಾಲು, ಮೆತ್ತಗೆ ಚಪ್ಪಟೆಯಾದರೆ ಹಸಿ. ಯಾವ ವ್ಯಾಪಾರಿಯೂ ಅವಳಿಗೆ ಎದುರಾಡುತ್ತಿರಲಿಲ್ಲ. ಅವಳಿಗೆ ಹೆಮ್ಮೆಯೂ ಕಡಿಮೆ ಇರಲಿಲ್ಲ ಬಿಡಿ. ಸೂಪರ್ ಮಾರ್ಕೆಟ್ ಪೇಟೆಗೆ ಹೋದರೆ ಅಲ್ಲಿನ ಕಿರಾಣಿ ಅಂಗಡಿಯ ಕಾಳನ್ನೂ ಕಡಿದು ಮುಖ ಸಿಂಡರಿಸಿ ಬರುವ ಹೆಂಗಸು.

ಹೋದ ವರ್ಷ ಹೊಟ್ಟೆಯುರಿ ಹಿಡಿಯಿತು. ಜೇವರ್ಗಿ ಕಾಲೋನಿಯ ಡಾಕ್ಟರ್ ಅಂಬಿಕಾ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ, ನಮ್ಮ ಹೆಂಗಸರೆಲ್ಲ ಹೇಳುವುದನ್ನೇ ಅವಳೂ ಹೇಳಿದಳು: ಏನಿಲ್ಲ, ಮನೆಕೆಲಸ. ದಿನವಿಡೀ ಧೂಳು ನುಂಗಿ ಬಂದವಳ ಮಾತಿದು, ಸಿಟ್ಟು ಬರುವುದಿಲ್ಲವೇ? ಗಂಟಲಿಗೆ ಕೊಳವೆ ಇಳಿಸಲು ಹೊರಟಾಗ ಡಾಕ್ಟರಿಗೆ ಸವೆದ ಹಲ್ಲು ಕಂಡಿತು, ನಿಜ ಹೊರಬಿತ್ತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಇರಲಿಲ್ಲ. ಆದರೆ ಜಠರದ ಒಳಪದರ ಬದಲಾಗತೊಡಗಿತ್ತು, ಬಿಟ್ಟರೆ ಮುಂದೆ ಕ್ಯಾನ್ಸರಿಗೆ ತಿರುಗಬಹುದಿತ್ತು. ಧೂಳು, ಹುಳ ಹಿಡಿಯದಂತೆ ತೊಗರಿಗೆ ಹಚ್ಚುವ ಪುಡಿ, ಇವೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಹೆಂಗಸರ ಕೆಲಸದ ಬಗ್ಗೆ ವಿಚಾರಿಸಿದವರೇ ಕಡಿಮೆ ಎಂದರು ಡಾಕ್ಟರು. ಆದರೂ ಇನ್ನು ಕಾಳು ಬಾಯಿಗೆ ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ಸಾಹುಕಾರರು ತಕರಾರು ಮಾಡಲಿಲ್ಲ. ನಿನ್ನ ಮಗಳು ಪಂಚಶೀಲಾ ಇದ್ದಾಳಲ್ಲ, ತಾಯಿಯ ಜಾಗದಲ್ಲಿ ಅವಳು ಕೂರಲಿ ಎಂದು ಸಲೀಸಾಗಿ ಹೇಳಿಬಿಟ್ಟರು. ಒಳ್ಳೆಯ ಪಗಾರ, ಹುಡುಗಿ ಕುಣಿದಾಡಿದಳು. ತಾಯಿಗೆ ಡಾಕ್ಟರ ಮಾತು ನೆನಪಾಯಿತು. ಅಂದಿನಿಂದ ಮಷಿನ್ ತರಿಸಿ ಎಂದು ಅವಳು ಸಾಹುಕಾರರ ಬೆನ್ನು ಬಿದ್ದಳು. ಬೇಸತ್ತು ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಅದು ಗುಂಡಮ್ಮನ ಹಲ್ಲನ್ನು ಸೋಲಿಸಬೇಕು, ಇಲ್ಲದಿದ್ದರೆ ಮಗಳ ಹಲ್ಲೇ ಗತಿ.

ಕಮಲಾಪುರದ ರೈತ ಖಂಡೆಪ್ಪನ ಮಾಲು ಪಂದ್ಯಕ್ಕೆ ಸಿಕ್ಕಿತು. ಇದೇ ಕೊನೆಯ ಸಲ ಎಂದು ಗುಂಡಮ್ಮ ತಂಬಿಗೆ ನೀರಿಟ್ಟುಕೊಂಡು ಕುಳಿತಳು. ಮೊದಲ ಚೀಲಕ್ಕೆ ಹಲ್ಲೂ ಮಷಿನ್ನೂ ಒಣಗಿದೆ ಎಂದವು. ಎರಡನೆಯದಕ್ಕೂ ಅದೇ. ಸರಿಸಮವಾದರೆ ಮಷಿನ್ ಗೆದ್ದಂತಲ್ಲ, ಅವಳು ಮಗಳ ಕಡೆ ನೋಡಿದಳು. ಬೇಕೆಂದೇ ತಪ್ಪು ಹೇಳಬಹುದಿತ್ತು, ಆದರೆ ಸುಳ್ಳಿಗೆ ಆ ನಾಲಿಗೆ ಹೊರಳುತ್ತಿರಲಿಲ್ಲ.

ಮೂರನೆಯ ಚೀಲದ ಬಾಯಿಂದ ಕಾಳು ತೆಗೆದು ಕಡಿದಳು. ಕಟ್! ಒಣಗಿದ ಮಾಲು. ಪಂಚಶೀಲಾ ಚೀಲದ ತಳಕ್ಕೆ ಕೊಳವೆ ಚುಚ್ಚಿ ತೆಗೆದ ಕಾಳನ್ನು ಮಷಿನ್ನಿಗೆ ಹಾಕಿದಳು. ಹಸಿ ಎಂದಿತು. ಮಷಿನ್ ಕೆಟ್ಟಿದೆ, ಹಲ್ಲೇ ಗೆದ್ದಿತು ಎಂದು ಸಾಹುಕಾರರು ನಕ್ಕರು. ಹೆಂಗಸರು ಚಪ್ಪಾಳೆ ತಟ್ಟಿದರು.

"ಚೀಲ ಸುರೀರಿ," ಎಂದಳು ಗುಂಡಮ್ಮ.

ಹಮಾಲರು ಸುರಿದರು. ಮೇಲಿನದು ಗರಿಗರಿ, ತಳದ ತೊಗರಿ ಒದ್ದೆಯಾಗಿ ಗಂಟು ಕಟ್ಟಿತ್ತು. ಟ್ರ್ಯಾಕ್ಟರಿನಲ್ಲಿ ನೀರು ನಿಂತಿತ್ತು ಎಂದು ಖಂಡೆಪ್ಪ ತಲೆ ಕೆರೆದುಕೊಂಡ. ಚಪ್ಪಾಳೆ ನಿಂತುಹೋಯಿತು. ಗುಂಡಮ್ಮ ಮಾತ್ರ ಹಿಗ್ಗು ತಡೆಯಲಾಗದೆ, ನಾನು ಸೋತೆ ಎಂದು ಮಗಳನ್ನು ತಬ್ಬಿಕೊಂಡಳು.

ಸಾಹುಕಾರರಿಗೆ ಇನ್ನೂ ನಂಬಿಕೆ ಬರಲಿಲ್ಲ. ಬಗ್ಗಿ ತಳದ ಕಾಳೊಂದನ್ನು ಎತ್ತಿ ತಾವೇ ಬಾಯಿಗೆ ಹಾಕಿಕೊಂಡರು. ಆ ಚೀಲಕ್ಕೆ ಹುಳದ ಪುಡಿ ಸ್ವಲ್ಪ ಜಾಸ್ತಿಯೇ ಹಚ್ಚಿದ್ದೆ ಎಂದ ಖಂಡೆಪ್ಪ. ಸಾಹುಕಾರರ ದವಡೆ ಅಲ್ಲೇ ನಿಂತಿತು. ಗೋಡೆಯ ಕಡೆಗೆ ಓಡಿ ಉಗುಳಿದರು, ಗುಂಡಮ್ಮನ ತಂಬಿಗೆ ಖಾಲಿಯಾಗುವವರೆಗೂ ಮುಕ್ಕಳಿಸಿದರು.

"ಒಂದ ಕಾಳಿಗಿ ಇಷ್ಟ ಹೆದರಿದ್ರಲ್ರೀ ಸೌಕಾರ್ರ," ಎಂದಳು ಗುಂಡಮ್ಮ. "ನಾ ಇಪ್ಪತ್ತ ವರ್ಷ ಕಡದೀನಿ."

ಸಾಹುಕಾರರು ತುಟಿ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಮಷಿನ್ ಎತ್ತಿ ಪಂಚಶೀಲಾಳ ಕೈಗೆ ಕೊಟ್ಟರು.