ಹಿಂಡಿದ ಹತ್ತಿ

ಗೋಡೆಗೆ ಬಣ್ಣ ಬಳಿಯುತ್ತ ಅರ್ಧ ಆಯಸ್ಸನ್ನು ಏಣಿಯ ಮೇಲೆಯೇ ಕಳೆದವನು ಅವನು. ಕಳೆದ ವರ್ಷ ಏಣಿ ಜಾರಿ ಹಣೆ ನೆಲಕ್ಕೆ ಬಡಿದಾಗಲೂ ಎದ್ದು, ಧೂಳು ಕೊಡವಿ, ಉಳಿದ ಗೋಡೆ ಮುಗಿಸಿಯೇ ಮನೆಗೆ ಹೋದ. ಆಮೇಲೆ ಶುರುವಾಯಿತು ನೋಡಿ ಮೂಗಿನ ಕಾಟ. ಡಬ್ಬಿ ಕಲಕಲು ಬಗ್ಗಿದರೆ ಸಾಕು, ತಿಳಿನೀರು ತೊಟ್ಟಿಕ್ಕುವುದು. ಜೊತೆಯವರು ಸೋರುಮೂಗ ಎಂದು ಹೆಸರಿಟ್ಟರು. “ಬಣ್ಣಕ್ಕೆ ನೀರು ಸಾಕು ಕಣಯ್ಯಾ, ಆ ಕಡೆ ತಿರುಗು,” ಎನ್ನುವರು. ಹೆಂಡತಿ ನೆಗಡಿಯೆಂದು ಆವಿ ಹಿಡಿಸಿ ಹಿಡಿಸಿ ಸೋತಳು.

ಕೊನೆಗೆ ಜ್ವರ ಮೆದುಳಿಗೇ ಏರಿ, ಸಾವಿನ ಬಾಗಿಲು ತಟ್ಟಿ ಬಂದ. ಆಗ ಡಾಕ್ಟರು ಬಿಡಿಸಿ ಹೇಳಿದರು: ಇದು ನೆಗಡಿಯಲ್ಲ, ಮೆದುಳಿನ ಸುತ್ತಲಿನ ನೀರು. ಏಣಿಯಿಂದ ಬಿದ್ದ ಏಟಿಗೆ ಮೆದುಳಿನ ಪೊರೆ ಹರಿದಿದೆ. ಮುಚ್ಚದಿದ್ದರೆ ಜ್ವರ ಮತ್ತೆ ಬಂದೀತು, ಆಗ ಉಳಿಸುವ ಮಾತು ಕೊಡಲಾಗದು. ಆದರೆ ಹರಿದದ್ದು ಬಲಕ್ಕೋ ಎಡಕ್ಕೋ, ಹಿಂದಿನ ಯಾವ ಸ್ಕ್ಯಾನಿನಲ್ಲೂ ಕಾಣಲಿಲ್ಲ.

ಅದಕ್ಕೇ ಆಸ್ಪತ್ರೆಯ ನೆಲಮಾಳಿಗೆಗೆ ಕರೆತಂದು, ಸೊಂಟದ ಬಳಿ ಬೆನ್ನುಹುರಿಯ ನೀರಿಗೆ ತುಸು ವಿಕಿರಣದ ಮದ್ದು ಚುಚ್ಚಿದರು. ಮದ್ದು ನೀರಿನ ಜೊತೆ ತಲೆಗೇರುತ್ತದೆ. ಸೋರುವ ಕಡೆ ಯಂತ್ರದ ಕಣ್ಣಿಗೆ ಹೊಳೆಯುತ್ತದೆ. ಸೋರಿಕೆ ತೀರಾ ಸಣ್ಣದಾದರೆ ಚಿತ್ರದಲ್ಲಿ ತಪ್ಪಿಹೋದೀತೆಂದು ಎರಡೂ ಹೊಳ್ಳೆಗೆ ಹತ್ತಿಯ ಬತ್ತಿ ತುರುಕಿದರು. ಸಂಜೆ ತೆಗೆದು, ಯಾವುದರಲ್ಲಿ ಮದ್ದು ಇಳಿದಿದೆಯೆಂದು ಅಳೆಯುವುದು.

ಸಂಜೆ ಅಳೆದರೆ ಎರಡರಲ್ಲೂ ಏನಿಲ್ಲ. ಚಿತ್ರವೂ ಖಾಲಿ.

“ತಾನೇ ಮುಚ್ಕೊಂಡಿದೆಯೋ ಏನೋ,” ಅಂದಳು ಯಂತ್ರ ನಡೆಸುವ ಹುಡುಗಿ. ಅವನಿಗೆ ಸ್ವರ್ಗ ಮೂರೇ ಗೇಣು. ಅಂಗಿ ತೊಟ್ಟು ಹೊರಟೇಬಿಟ್ಟ.

ದಿನದ ಕೊನೆಗೆ ಮೂಲೆಮೂಲೆಗೂ ಒಂದು ಪುಟ್ಟ ಮೀಟರು ಹಿಡಿದು, ಮದ್ದು ಎಲ್ಲಾದರೂ ಚೆಲ್ಲಿದೆಯೇ ಎಂದು ನೋಡುವುದು ಅಲ್ಲಿಯ ಕ್ರಮ. ರೋಗಿಗಳು ಕೈತೊಳೆಯುವ ಬೇಸಿನ್ನಿನ ಬಳಿ ಮೀಟರು ಕಿರುಗುಟ್ಟಿತು. ಹುಡುಗಿ ಅವನನ್ನು ಬಾಗಿಲಲ್ಲೇ ತಡೆದಳು.

“ಯಜಮಾನ್ರೇ, ಬೇಸಿನ್ ಹತ್ರ ಏನು ಮಾಡಿದ್ರಿ?”

“ಏನಿಲ್ಲಮ್ಮ. ಬತ್ತಿ ಒದ್ದೆಯಾಗಿ ಜಾರ್ತಾ ಇತ್ತು. ಎರಡನ್ನೂ ಹಿಂಡಿ, ತೊಳೆದು, ಮತ್ತೆ ಹಾಗೇ ಇಟ್ಕೊಂಡೆ. ನೀಟಾಗಿ.”

“ತೊಳೆದ್ರಾ?”

“ಒದ್ದೆ ಬ್ರಶ್ಶು ಹಾಗೇ ಬಿಟ್ರೆ ಹಾಳಾಗುತ್ತಲ್ಲ.”

ಜೊತೆಗಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. “ಮನೇಲಿ ಒಂದು ಲೋಟ ತೊಳೆದವರಲ್ಲ ಇವರು. ಇಲ್ಲಿ ಬಂದು ಹತ್ತಿ ತೊಳೆದ್ರಂತೆ.”

ಹುಡುಗಿ ನಗಲಿಲ್ಲ. “ಬತ್ತೀಲಿದ್ದ ಮದ್ದೆಲ್ಲ ತೊಳೆದು ಹೋಗಿದೆ. ಇದೇ ಖುಷೀಲಿ ಮನೆಗೆ ಹೋಗಿದ್ರೆ ಆ ಜ್ವರ ಮತ್ತೆ ಹುಡುಕ್ಕೊಂಡು ಬರ್ತಿತ್ತು.”

ಅವನ ಮುಖ ಇಳಿಯಿತು. ಜ್ವರದಲ್ಲಿ ಮಲಗಿದ್ದಾಗ ಎದುರಿಗಿದ್ದ ಹೆಂಡತಿಯನ್ನೇ ಯಾರು ನೀನು ಎಂದು ಕೇಳಿದ್ದನಂತೆ. ಮತ್ತೆ ಹಾಸಿಗೆಯ ಮೇಲೆ ಕೂತ.

ಮದ್ದು ಇನ್ನೂ ಮೈಯಲ್ಲಿತ್ತು. ಮರುದಿನ ಬೆಳಿಗ್ಗೆ ಹೊಸ ಬತ್ತಿ ಹಾಕಿ, ತಲೆ ಬಗ್ಗಿಸಿ ಕೂರಿಸಿದರು. ಹೆಂಡತಿ ಇಲಿಬಿಲ ಕಾಯುವ ಬೆಕ್ಕಿನಂತೆ ಎದುರೇ ಕೂತಳು. ಅವನ ಕೈ ಮೂಗಿನತ್ತ ಎದ್ದಾಗಲೆಲ್ಲ “ಹೂಂ?” ಅನ್ನುವಳು, ಕೈ ತೆಪ್ಪಗೆ ಇಳಿಯುವುದು.

ಮಧ್ಯಾಹ್ನ ಅಳೆದಾಗ ಎಡದ ಬತ್ತಿ ಸುಮ್ಮನಿತ್ತು. ಬಲದ್ದನ್ನು ಅಳೆಯುವ ಯಂತ್ರದಲ್ಲಿ ಇಟ್ಟದ್ದೇ ತಡ, ಅಂಕಿ ಏರುತ್ತ ಹೋಯಿತು. ಪರದೆಯ ಮೇಲೂ ಮೂಗಿನ ಬುಡದಿಂದ ಬಲಕ್ಕೆ ಒಂದು ಮಸುಕು ಗೆರೆ ಇಳಿದಿತ್ತು.

“ಸಿಕ್ತು,” ಅಂದಳು ಹುಡುಗಿ.

“ತಲೆ ಕೊಯ್ತಾರಾ?” ಅಂದ ಅವನು.

“ಮೂಗಿನ ಒಳಗಿಂದಲೇ ತೇಪೆ ಹಾಕ್ತಾರೆ ಅನ್ಸುತ್ತೆ. ಡಾಕ್ಟರು ಹೇಳ್ತಾರೆ.”

ಅವನು ಆ ಗೆರೆಯನ್ನೇ ನೋಡಿದ. “ಹಾಕ್ಲಿ,” ಅಂದ. “ಒಣಗೋ ತನಕ ನಾನು ಮುಟ್ಟಲ್ಲ.”

“ನಿಮ್ಮ ಕೈ ನಾನು ಕಟ್ಟಿಹಾಕಿರ್ತೀನಿ, ಬಿಚ್ಚಿದ್ರೆ ತಾನೇ ಮುಟ್ಟೋದು,” ಅಂದಳು ಹೆಂಡತಿ.